ಕಿರಿದಾದ ಕಿಂಡಿ

"ನನ್ನ ಅರ್ಧ ಮಾತೇ ಇಲ್ವಲ್ಲೇ!" ಆಗಷ್ಟೇ ತೆಗೆದ ವಿಡಿಯೊ ನೋಡಿ ಅಮ್ಮ ಕೈಯಲ್ಲೇ ಗದರಿದಳು. ಹುಟ್ಟಿನಿಂದ ಕಿವಿ ಕೇಳಿಸದ ಅವಳಿಗೆ ಮಾತೆಲ್ಲ ಬೆರಳಲ್ಲೇ. ನಾಳೆ ಬೆಳಿಗ್ಗೆ ಕುತ್ತಿಗೆಯ ನರಕ್ಕೆ ಆಪರೇಷನ್. ಆಮೇಲೆ ಬೆರಳು ಮೊದಲಿನಂತೆ ಆಡೀತೆಂಬ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ, ಮಗಳ ಹೊಟ್ಟೆಯಲ್ಲಿರುವ ಮೊಮ್ಮಗುವಿಗೆ ಹೇಳಬೇಕಾದ್ದನ್ನೆಲ್ಲ ಇವತ್ತೇ ವಿಡಿಯೊದಲ್ಲಿ ಹೇಳಿಬಿಡಲು ಕೂತಿದ್ದಳು.

ಮಗಳಿಗೆ ನಾಚಿಕೆಯಾಯಿತು. ಮದುವೆಗಳಲ್ಲಿ ಹತ್ತು ವರ್ಷ ಕ್ಯಾಮೆರಾ ಹಿಡಿದವಳು. ಮುಖವೊಂದನ್ನುಳಿಸಿ ಮಿಕ್ಕಿದ್ದೆಲ್ಲ ಮಂಜಾಗಿಸುವುದರಲ್ಲಿ ಅವಳದು ಎತ್ತಿದ ಕೈ. ರೂಢಿಯಂತೆ ಇಲ್ಲೂ ಅಪರ್ಚರನ್ನು, ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಪೂರ್ತಿ ತೆರೆದಿದ್ದಳು. ಅಮ್ಮನ ಮುಖ ಲಕ್ಷಣವಾಗಿ ಬಂದಿತ್ತು. ಕೈ ಮುಂದೆ ಚಾಚಿದಾಗಲೆಲ್ಲ ಬೆರಳು ಕಲಸಿಹೋಗಿದ್ದವು. ಅಯ್ಯೋ, ಹೆತ್ತ ತಾಯಿಯ ಬಾಯಿಗೇ ಬಟ್ಟೆ ತುರುಕಿದ ಹಾಗಾಯಿತಲ್ಲ!

"ಇನ್ನೊಂದ್ಸಲ ಆಗುತ್ತಾ ಅಮ್ಮಾ?" ಮಗಳೂ ಕೈಯಲ್ಲೇ ಕೇಳಿದಳು.

"ಒಂದೇ ಸಲ. ಬೆರಳು ಮಾತು ಕೇಳ್ತಿಲ್ಲ. ಈ ಸಲನಾದ್ರೂ ನೆಟ್ಟಗೆ ತೆಗಿ."

ಮಗಳು ಲೆನ್ಸಿನ ಬಳೆ ತಿರುಗಿಸುತ್ತ ಕಿಂಡಿಯನ್ನು ಕಿರಿದು ಮಾಡಿದಳು. ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟ. ಬೆಳಕು ಮಾತ್ರ ಸಾಲದು. ಕಿಟಕಿಗಳನ್ನೆಲ್ಲ ತೆರೆದು, ಮನೆಯಲ್ಲಿದ್ದ ಟೇಬಲ್ ದೀಪಗಳನ್ನೆಲ್ಲ ಹೊತ್ತು ತಂದಳು.

ಅಮ್ಮ ಶುರುಮಾಡಿದಳು. ಅಬ್ಬಾ! ಹತ್ತು ಬೆರಳೂ ಪರದೆಯ ಮೇಲೆ ಎದ್ದು ಬಂದವು. ಉಗುರು, ಗೆರೆ, ತುದಿಯ ನಡುಕ ಕೂಡ. "ನಿಮ್ಮಮ್ಮ ಹುಟ್ಟಿದಾಗ ಅವಳ ಎದೆ ಮೇಲೆ ಕೈಯಿಟ್ಟೇ ಮಲಗ್ತಿದ್ದೆ ಮಗೂ. ಅತ್ತರೆ ಕೈಗೆ ಗೊತ್ತಾಗೋದು." ಕೈ ಲೆನ್ಸಿನ ಹತ್ತಿರದವರೆಗೂ ಚಾಚಿತು, ಒಂದು ಮಾತೂ ಮಾಸಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಭಾಷೆ ಇಷ್ಟು ಚೆಂದವೇ?

ಆಗ ಕಂಡಿತು. ಅಮ್ಮನ ಹಿಂದೆ, ಒಳಬಾಗಿಲಲ್ಲಿ, ಅಪ್ಪ. ಮೂವತ್ತೈದು ವರ್ಷ ಸಂಸಾರ ಮಾಡಿಯೂ 'ಊಟ', 'ನೀರು', 'ಸಾಕು' ಎಂಬ ಮೂರೇ ಕೈಮಾತು ಕಲಿತ ಮಹಾನುಭಾವ! ಈಗ ಕತ್ತು ಉದ್ದಮಾಡಿ, ಅಮ್ಮನ ಭುಜದ ಮೇಲಿಂದ ನೋಡುತ್ತ, ಅವಳ ಒಂದೊಂದು ಮಾತನ್ನೂ ತನ್ನ ದಪ್ಪ ಬೆರಳುಗಳಲ್ಲಿ ಕದ್ದು ಕದ್ದು ಕಲಿಯುತ್ತಿದ್ದ. ಮಗಳು ಕ್ಯಾಮೆರಾ ಅಲುಗಿಸದೆ ಕೊನೆಯವರೆಗೂ ಚಿತ್ರೀಕರಿಸಿದಳು.

ಮುಗಿದ ಮೇಲೆ ಅಮ್ಮ ಪರದೆಗೆ ಮುಖವಿಟ್ಟು ನೋಡಿದಳು. ತನ್ನ ಕೈಗಳ ಕಡೆ ಅವಳ ಗಮನವೇ ಇರಲಿಲ್ಲ. ಕಣ್ಣೊರೆಸಿಕೊಂಡು, ಸೋತ ಬೆರಳುಗಳನ್ನು ಮತ್ತೆ ಎತ್ತಿದಳು.

"ನಿಮ್ಮಪ್ಪ 'ಮಗು' ಅನ್ನೋದನ್ನೇ ತಪ್ಪು ಹೇಳ್ತಿದ್ದಾರೆ. ಕರಿ ಇಲ್ಲಿಗೆ, ತಿದ್ದಬೇಕು."