ಹೊಳೆ ಕಡೆಯ ಕೂಗು

ಬರ್ಲಿನ್‌ನಿಂದ ಎರಡು ದಿನದ ಮಟ್ಟಿಗೆ ಲಿಸ್ಬನ್‌ಗೆ, ಚಿಕ್ಕಮ್ಮನ ಮಗಳ ಮನೆಗೆ ಬಂದಿದ್ದೇನೆ. ಅವಳು ಹುರಿಯುತ್ತಿರುವ ಶೇಂಗಾದ ವಾಸನೆಗೆ ಇಬ್ಬರಿಗೂ ಊರಿನ ಆ ಮಧ್ಯಾಹ್ನ ನೆನಪಾಗಿದೆ.

ನಾವಿನ್ನೂ ಚಿಕ್ಕವರು. ನಮ್ಮೂರು ಮಾಗಳದಲ್ಲಿ ಚಿಕ್ಕಮ್ಮ ಹೊಳೆಯ ಪಾಲಾಗಿ ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಆ ಮಧ್ಯಾಹ್ನ ಅಜ್ಜಿ ಬಿಸಿ ಮರಳಿನಲ್ಲಿ ಶೇಂಗಾ ಹುರಿಯುತ್ತಿದ್ದಳು, ನಾವಿಬ್ಬರೂ ಪಕ್ಕದಲ್ಲಿ ಕೂತಿದ್ದೆವು. ಹೊಳೆಯ ಕಡೆಯಿಂದ "ಯವ್ವಾ" ಎಂಬ ಕೂಗು ಕೇಳಿತು. ಚಿಕ್ಕಮ್ಮನದೇ ದನಿ. ಅವಳ ಮಗಳು ಬಾಗಿಲಿಗೆ ಓಡಿದಳು. ಅಜ್ಜಿ ರಟ್ಟೆ ಹಿಡಿದು ಕೂರಿಸಿದಳು.

"ಓ ಅನಬ್ಯಾಡವ್ವ. ಮನುಷ್ಯಾರಾದ್ರ ಮೂರು ಸಲ ಕರೀತಾರ."

ಮತ್ತೊಮ್ಮೆ ಕೂಗು ಬಂತು. ನಾವು ಮೂರನೆಯದಕ್ಕೆ ಕಾದೆವು. ಶೇಂಗಾ ಸೀದು ಹೊಗೆ ಎದ್ದರೂ ಅಜ್ಜಿ ಕೈಯಾಡಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಅಜ್ಜಿ ಮೆಲ್ಲಗೆ ಅಂದಳು: "ಇವತ್ತೂ ಎರಡೇ ಸಲ ಕರದ್ಲು."