ಕಪ್ಪುಗಟ್ಟಿದ ಹಲ್ಲು

ಲೇತ್ ಮೆಷಿನ್ ಮುಂದೆ ದುಡಿದು ಕಾಯಿಕಟ್ಟಿದ ಅವನ ಕೈ ಡಾಕ್ಟರ ಕಾಲರ್ ಹಿಡಿದು ಗೋಡೆಗೆ ಒತ್ತಿತ್ತು. ಇನ್ನೊಂದು ಕೈ ಮುಷ್ಟಿ ಕಟ್ಟಿ ಮೇಲೆದ್ದಿತ್ತು. ಹೆಂಡತಿ ಅದಕ್ಕೆ ಜೋತುಬಿದ್ದಿದ್ದಳು. ಮಗಳು ಆಸ್ಪತ್ರೆಯ ಮಂಚದ ಮೇಲೆ ಮುದುಡಿ ಕೂತಿದ್ದಳು.

"ಇವಳ ತಮ್ಮ ಹುಟ್ಟಿದಾಗ ಹೊಕ್ಕುಳಬಳ್ಳಿ ರಕ್ತ ತೆಗೆದಿಟ್ಟು ಆರು ತಿಂಗಳಾಯ್ತು. ಅದನ್ನ ಹಾಕಿದ್ರೆ ಇವಳ ಕಾಯಿಲೆ ವಾಸಿಯಾಗುತ್ತೆ ಅಂದು, ಈಗ ಇವತ್ತು ನಾಳೆ ಅಂತ ಆಟ ಆಡಿಸ್ತೀಯಾ?"

"ಅವಳ ಮೈಯಲ್ಲಿ ಕಬ್ಬಿಣ ತುಂಬಿದೆ," ಡಾಕ್ಟರು ಸಿಕ್ಕಷ್ಟು ಉಸಿರಲ್ಲೇ ಹೇಳಿದರು. "ಅವಳಿಗೆ ರಕ್ತ ಸರಿಯಾಗಿ ಊರಲ್ಲ ಅಂತ ತಿಂಗಳು ತಿಂಗಳು ಹಾಕ್ತೀವಲ್ಲ, ಆ ರಕ್ತದಿಂದ ಕಬ್ಬಿಣ ಸೇರುತ್ತೆ, ಅದನ್ನ ತೆಗೆಯೋಕೆ ಔಷಧಿ ಕೊಟ್ಟಿದ್ದೀವಿ. ಆದ್ರೂ ದುಪ್ಪಟ್ಟಾಗಿದೆ. ಈಗ ಹಾಕಿದ್ರೆ ಆ ರಕ್ತ ಮೈಗೆ ಹಿಡಿಯದೇ ಹೋಗಬಹುದು, ಮಗು ಜೀವಕ್ಕೇ ಕುತ್ತು ಬರಬಹುದು. ಇರೋದು ಒಂದೇ ಚೀಲ."

"ಸುಳ್ಳು ಬೊಗಳ್ತೀಯಾ."

ಮುಷ್ಟಿ ಹೆಂಡತಿಯ ಹಿಡಿತ ತಪ್ಪಿಸಿಕೊಂಡು ಡಾಕ್ಟರ ತುಟಿ ಒಡೆಯಿತು. ಮತ್ತೆ ಮೇಲೆದ್ದಾಗ ಅವಳು ಮತ್ತೆ ಜೋತುಬಿದ್ದಳು. ಮಗಳು ಬಾಯಿ ಅಗಲಿಸಿ ಅತ್ತಳು. ರಕ್ತ ಸೋರುತ್ತಿದ್ದರೂ ಡಾಕ್ಟರ ಕಣ್ಣು ಆ ಬಾಯಲ್ಲೇ ನೆಟ್ಟಿತು.

"ಹಲ್ಲು ಯಾಕಮ್ಮಾ ಅಷ್ಟು ಕಪ್ಪಾಗಿದೆ?"

"ಟಾನಿಕ್," ಮಗಳು ಬಿಕ್ಕುತ್ತಲೇ ಹೇಳಿದಳು. "ದಿನಾ ಎರಡು ಚಮಚ. ಕಬ್ಬಿಣದ ಟಾನಿಕ್ ಕುಡಿದ್ರೆ ರಕ್ತ ಊರುತ್ತಂತೆ. ಅಮ್ಮ ಬೈತಾಳೆ, ಹೇಳ್ಬೇಡ ಅಂದ್ರು ಅಪ್ಪ."

ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಂತಿತು. ಅದಕ್ಕೆ ಜೋತುಬಿದ್ದಿದ್ದ ಭಾರ ಇದ್ದಕ್ಕಿದ್ದಂತೆ ಇಳಿಯಿತು. ಅವನು ತಿರುಗುವಷ್ಟರಲ್ಲಿ ಹೆಂಡತಿಯ ಎರಡೂ ಕೈ ಅವನ ಕುತ್ತಿಗೆ ಹಿಸುಕುತ್ತಿದ್ದವು.