ಎರಡು ಸಲ ತಟ್ಟಿದರೆ

ಮೂರನೆಯ ಆಟಕ್ಕೆ ಮುಂಚೆ ಸಿಕ್ಕ ಬಿಡುವಿನಲ್ಲಿ ಮೊಮ್ಮಗ ಮುಂದಿನ ಕೋಣೆಯಿಂದ ಹೊರಗೆ ಬಂದ. ನೀರು ಕುಡಿಯುವ ನೆಪ. ಲೋಟ ಕೈಯಲ್ಲಿತ್ತು, ಕಣ್ಣು ಹಿಂದಿನ ಕೋಣೆಯ ಬಾಗಿಲ ಮೇಲಿತ್ತು. ಆ ಬಾಗಿಲ ಹಿಂದೆ ಅವನ ತಂಗಿ, ಅವನ ಎದುರಾಳಿ, ಕೂತಿದ್ದಳು. ಎರಡು ಬಾಗಿಲುಗಳ ನಡುವೆ ಬೆತ್ತದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು.

ವಿಡಿಯೋ ಗೇಮ್ ಆಡುವವರದೊಂದು ಹೊಸ ಲೀಗ್ ಹುಟ್ಟಿ, ಅದರ ಮೊದಲ ವರ್ಷ ಅಂದಿಗೆ ಮುಗಿಯುತ್ತಿತ್ತು. ಲೀಗಿಗೆ ಇನ್ನೂ ಸ್ವಂತ ಸೂರಿಲ್ಲದ್ದರಿಂದ ಎಲ್ಲರೂ ಅವರವರ ಮನೆಯಲ್ಲೇ ಕೂತು ಆಡುತ್ತಿದ್ದರು. ಮೇಲಿನ ಡಿವಿಷನ್ನಿನ ಕಟ್ಟಕಡೆಯ ತಂಡಕ್ಕೂ ಕೆಳಗಿನ ಡಿವಿಷನ್ನಿನ ಮೊದಲ ತಂಡಕ್ಕೂ ಪಂದ್ಯ. ಗೆದ್ದವರು ಮೇಲೆ, ಸೋತವರು ಕೆಳಗೆ. ಮೇಲಿನ ತಂಡಕ್ಕೆ ಅಣ್ಣ ನಾಯಕ, ಕೆಳಗಿನ ತಂಡಕ್ಕೆ ತಂಗಿ. ಇಷ್ಟೇ ಆಗಿದ್ದರೆ ಮನೆಯಲ್ಲಿ ಯಾರಿಗೂ ತಲೆನೋವಿರಲಿಲ್ಲ. ಆದರೆ ಲಿಫ್ಟ್ ರಿಪೇರಿ ಮಾಡುವ ಅಪ್ಪ ಮನೆಗೂ ಅದೇ ಕಾನೂನು ತಂದಿದ್ದ. ಮೇಲಿನ ಡಿವಿಷನ್ನಿನಲ್ಲಿರುವವರಿಗೆ ದೊಡ್ಡ ಕಿಟಕಿಯಿರುವ ಮುಂದಿನ ಕೋಣೆ, ಒಬ್ಬರಿಗೇ. ಕೆಳಗಿನವರಿಗೆ ಅಜ್ಜಿಯ ಕೋಣೆಯಲ್ಲಿ ಪಾಲು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಕೆಳಗಿಳಿಯುವುದೆಂದರೆ ತನ್ನ ಪಕ್ಕ ಬಂದು ಮಲಗುವುದೆಂದು ಅವಳಿಗೆ ನಿಧಾನಕ್ಕೆ ತಿಳಿಯಿತು.

ಅಜ್ಜಿ ಪದ್ಯ ಕೇಳಿಕೊಂಡೇ ಬೆಳೆದವಳು. ಕಣ್ಣು ಮಂಜಾದ ಮೇಲೆ ಕಿವಿಯೊಂದೇ ಆಸ್ತಿ. ಮೊಮ್ಮಗಳು ದಿನಾ ಅವಳಿಗೆ ಒಂದೆರಡು ಪದ್ಯ ಓದಿ, ದೀಪ ಆರಿಸಿ, ಆಮೇಲೆ ಆಟಕ್ಕೆ ಕೂರುತ್ತಿದ್ದಳು. ಅಜ್ಜಿಯ ನಿದ್ದೆ ಕೆಡಬಾರದೆಂದು ತುಟಿ ಬಿಚ್ಚುತ್ತಿರಲಿಲ್ಲ. ಮೈಕಿನ ಮೇಲೆ ಉಗುರಿನಿಂದ ತಟ್ಟಿಯೇ ತನ್ನ ತಂಡಕ್ಕೆ ಆಜ್ಞೆ ಕೊಡುತ್ತಿದ್ದಳು. ಒಂದು ಸಲ ತಟ್ಟಿದರೆ, ನುಗ್ಗಿ. ಎರಡು ಸಲ ತಟ್ಟಿದರೆ, ಇದ್ದಲ್ಲೇ ಇರಿ. ಮೂರು ಸಲ ತಟ್ಟಿದರೆ, ಸಿಕ್ಕಿಹಾಕಿಕೊಂಡಿದ್ದೇನೆ, ಬಂದು ಬಿಡಿಸಿ. ಮಂಚದ ಪಟ್ಟಿಯ ಮೇಲೆ ತಟ್ಟಿ ತೋರಿಸಿ ಅಜ್ಜಿಗೂ ಕಲಿಸಿದ್ದಳು.

ಅಣ್ಣನ ದಾರಿ ಬೇರೆ. ಅವನು ಗಂಟಲು ಹರಿಯುವಂತೆ ಕೂಗಿ ಯುದ್ಧ ಮಾಡುವವನು. ಎಡಗಡೆಯಿಂದ ಮುತ್ತಬೇಕು, ಕೋಟೆ ಪುಡಿ ಮಾಡಬೇಕು, ಒಬ್ಬರನ್ನೂ ಬಿಡಬಾರದು ಎಂದು ಬೆಳಗಿನಿಂದ ಅಬ್ಬರಿಸುತ್ತಿದ್ದ. ತಾನು ಕೇಳಿದ ಪದ್ಯಗಳಲ್ಲಿ ಇಷ್ಟು ಅಬ್ಬರಿಸಿದವರು ಯಾರಾದರೂ ಕಥೆ ಮುಗಿಯುವತನಕ ಉಳಿದದ್ದು ಅಜ್ಜಿಗೆ ನೆನಪಿರಲಿಲ್ಲ. ಮೊದಲ ಆಟ ಅವನದಾಗಿತ್ತು, ಎರಡನೆಯದು ತಂಗಿಯದು. ಉಳಿದದ್ದು ಒಂದೇ.

ಅವನು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ. "ಅಜ್ಜಿ, ಗೋಡೆಗೆ ಕಿವಿ ಕೊಟ್ರೆ ಅವಳು ಟಕ್ ಟಕ್ ಅಂತ ತಟ್ಟೋದು ಕೇಳಿಸುತ್ತೆ. ಅದೇನು ಲೆಕ್ಕ? ನಿಂಗೆ ಗೊತ್ತಿರುತ್ತೆ."

ಅಜ್ಜಿ ಕನ್ನಡಕ ತೆಗೆದು ಒರೆಸತೊಡಗಿದಳು.

"ಹೇಳದೇ ಇದ್ರೆ ನಿಂಗೇ ನಷ್ಟ. ಅವಳು ಗೆದ್ರೆ ಇವತ್ತೇ ಗಂಟುಮೂಟೆ ಕಟ್ಕೊಂಡು ನನ್ನ ಕೋಣೆಗೆ ಬರ್ತಾಳೆ. ಆಮೇಲೆ ನಿಂಗೆ ಪದ್ಯ ಓದೋರು ಯಾರು? ನಾನಂತೂ ಓದಲ್ಲ, ಈಗಲೇ ಹೇಳಿದೀನಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಿಂದಿನ ದಿನ ಓದಿದ ಕಥೆ ಅರ್ಧಕ್ಕೆ ನಿಂತಿತ್ತು. ರಾಜಕುಮಾರ ಇನ್ನೂ ಹೊಳೆಯ ಈಚೆ ದಡದಲ್ಲೇ ಇದ್ದ. ಅಜ್ಜಿ ಕನ್ನಡಕದ ಒಂದು ಗಾಜು ಒರೆಸಿದಳು, ಇನ್ನೊಂದನ್ನೂ ಒರೆಸಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ನಂಗೆ ಈಚೀಚೆಗೆ ಕಿವಿ ಕೇಳಲ್ಲ ಕಣೋ," ಎಂದಳು.

ಅಡಿಗೆಮನೆಯಲ್ಲಿ ಮುಚ್ಚಳ ತೆಗೆದ ಸದ್ದಿಗೇ ಅದು ಯಾವ ಡಬ್ಬಿಯೆಂದು ಕೂತಲ್ಲಿಂದ ಹೇಳುವವಳು ಅವಳು. ಪಿಸುಮಾತಿಗೆ ಕೊಟ್ಟ ಈ ಉತ್ತರವನ್ನು ಮೊಮ್ಮಗ ಪೂರ್ತಿ ನಂಬಿದ. ವಯಸ್ಸಾಯಿತಲ್ಲ ಎಂದು ಮರುಗಿ, ಲೋಟವನ್ನು ಅಲ್ಲೇ ಬಿಟ್ಟು, ಒಳಗೆ ಹೋದ.

ಮುಂದಿನ ಕೋಣೆಯಲ್ಲಿ ಗರ್ಜನೆ ಎದ್ದಿತು. ಹಿಂದಿನ ಕೋಣೆಯಲ್ಲಿ ಎರಡು ಸಲ. ಮತ್ತೆ ಗರ್ಜನೆ. ಮತ್ತೆ ಎರಡು ಸಲ. ಎಲ್ಲರೂ ಎಡಗಡೆಗೆ ಬನ್ನಿ ಎಂದು ಅಣ್ಣ ತನ್ನ ಕೋಟೆ ಕಾಯುವವನನ್ನೂ ಕರೆದ. ಆಗ ಹಿಂದಿನ ಕೋಣೆಯಲ್ಲಿ ಒಂದೇ ಒಂದು ಸಲ ಕೇಳಿಸಿತು. ತುಸು ಹೊತ್ತಿನಲ್ಲಿ ಮುಂದಿನ ಕೋಣೆ ತಣ್ಣಗಾಯಿತು.

ಸಂಜೆ ಕೆಲಸದಿಂದ ಬಂದ ಅಪ್ಪ ಯಾರು ಗೆದ್ದರೆಂದು ಕೇಳಿ, ಕೈಕಾಲು ತೊಳೆದು, ಮಕ್ಕಳ ಆಟದ ಮೇಜುಗಳನ್ನು ಅದಲುಬದಲು ಮಾಡಲು ನಿಂತ. ಮೊಮ್ಮಗಳು ಅಜ್ಜಿಯ ಕೆನ್ನೆಗೆ ಕೆನ್ನೆ ಒತ್ತಿ, ದಿನಾ ಬಂದು ಓದುತ್ತೇನೆ ಎಂದಳು. ಅವಸರದಲ್ಲಿ ಪದ್ಯದ ಪುಸ್ತಕವೂ ಅವಳ ಬಟ್ಟೆಯ ಗಂಟಿನೊಳಗೆ ಸೇರಿಕೊಂಡು ಹೋಯಿತು. ಮುಂದಿನ ಕೋಣೆಯ ಬಾಗಿಲು ಮುಚ್ಚಿತು.

ಮೊಮ್ಮಗ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಬಂದ. ಸಣ್ಣ ಕಿಟಕಿ ನೋಡಿದ, ಗೋಡೆ ನೋಡಿದ, ಅಜ್ಜಿಯನ್ನು ನೋಡಿದ. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತು.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅಜ್ಜಿ. ನಿಂಗೆ ಹೇಗೂ ಕಿವಿ ಕೇಳಲ್ಲ. ನಾನು ಎಷ್ಟು ಕೂಗಿದ್ರೂ ತೊಂದ್ರೆ ಇಲ್ಲ."

ಮಂಚದ ಮೇಲೆ ಮಲಗಿದ್ದ ಅಜ್ಜಿ ಏನಂದೆ ಎಂಬಂತೆ ಕಿವಿಗೆ ಕೈ ಇಟ್ಟಳು. ಬೇರೆ ದಾರಿಯಿರಲಿಲ್ಲ. ಅವನು ಹೆಡ್‌ಫೋನ್ ಏರಿಸಿ, ಕೆಳಗಿನ ಡಿವಿಷನ್ನಿನ ತನ್ನ ಮೊದಲ ಗರ್ಜನೆ ಹೊರಡಿಸಿದ. ಮಂಚ ಸಣ್ಣಗೆ ಅದುರಿತು. ಅಜ್ಜಿ ಗೋಡೆಯ ಕಡೆ ಹೊರಳಿ, ಕೈ ಚಾಚಿ, ಉಗುರಿನಿಂದ ಮೂರು ಸಲ ತಟ್ಟಿದಳು.

ಗೋಡೆಯಾಚೆಯಿಂದ ಉತ್ತರ ಬಂತು. ನಿಧಾನವಾಗಿ, ಸ್ಪಷ್ಟವಾಗಿ, ಎರಡು ಸಲ.